ಮಗಳಿಗೆ ಕರುಳಿನ ಬಯಾಪ್ಸಿ ಮಾಡ್ಬೇಕಂತೆ, ಗೋಧಿ ಆಗುದಿಲ್ಲ ಅಂತ ತಿಳಿಲಿಕ್ಕೆ ಇಷ್ಟೆಲ್ಲ ಬೇಕಾ?

ಪುಟ್ಟಿಯ ಅಮ್ಮ, ನೀರ್ಚಾಲು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೇ ಓದ್ತಾ ಇದ್ದದ್ದು, ಬರೆಯುದು ಇದೇ ಮೊದಲು.

ಮಗಳಿಗೆ 4 ವರ್ಷ ಕಳೀತು. ತೂಕ 12 ಕಿಲೋದಲ್ಲೇ ನಿಂತಿದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ದಿನಕ್ಕೆ ಮೂರು ನಾಲ್ಕು ಸಲ ಕಕ್ಕ, ಅದೂ ಜಿಡ್ಡು ಜಿಡ್ಡು, ಎಷ್ಟು ನೀರು ಹೊಯ್ದ್ರೂ ಹೋಗುದಿಲ್ಲ. ಹಿಮೋಗ್ಲೋಬಿನ್ 8ರ ಹತ್ತಿರ, ಆರು ತಿಂಗಳು ಐರನ್ ಸಿರಪ್ ಕುಡಿಸಿ ಕುಡಿಸಿ ಹಲ್ಲು ಕಪ್ಪಾದದ್ದೇ ಬಂತು. ಹುಳದ ಮದ್ದು ಎರಡು ಸಲ ಆಯ್ತು, ದೃಷ್ಟಿ ತೆಗೆದಾಯ್ತು, ನೂಲು ಕಟ್ಟಿಸಿಯೂ ಆಯ್ತು.

ಕೊನೆಗೆ ಮಂಗಳೂರಿಗೆ ಕರ್ಕೊಂಡು ಹೋದೆವು. ಮಕ್ಕಳ ಗ್ಯಾಸ್ಟ್ರೋ ಡಾಕ್ಟ್ರು ಒಂದು ಬ್ಲಡ್ ಟೆಸ್ಟ್ ಮಾಡಿಸಿದ್ರು, ಟಿಟಿಜಿ ಐಜಿಎ ಅಂತ. 20ರ ಒಳಗೆ ಇರ್ಬೇಕಾದದ್ದು ಇವಳಿಗೆ 86. ಸೀಲಿಯಾಕ್ ಇರ್ಬಹುದು, ಅಂದ್ರೆ ಗೋಧಿ ತಿಂದ್ರೆ ಕರುಳು ಹಾಳಾಗುವ ಕಾಯಿಲೆ, ಎಂಡೋಸ್ಕೋಪಿ ಮಾಡಿ (ಬಾಯಿಯಿಂದ ಕ್ಯಾಮೆರಾ ಪೈಪ್ ಇಳಿಸಿ) ಬಯಾಪ್ಸಿಗೆ ಕರುಳಿನ ಚೂರು ತೆಗೀಬೇಕು ಅಂತ ಹೇಳಿದ್ದಾರೆ. ಮನೆಗೆ ಬಂದು ಹೇಳಿದ್ದೇ ತಡ ಅತ್ತೆ ಅಳ್ಲಿಕ್ಕೆ ಶುರು, ಬಯಾಪ್ಸಿ ಅಂದ್ರೆ ಕ್ಯಾನ್ಸರಿಗೆ ಮಾಡುದಲ್ವಾ, ಮಗುವಿಗೆ ಯಾಕೆ ಮುಚ್ಚಿಡ್ತಿದ್ದೀರಿ ಅಂತ. ಮಾವ ಹೇಳುದು, ಗೋಧಿ ಬಿಟ್ರೆ ಆಯ್ತಲ್ಲ, ಅದಕ್ಕೆ ಹೊಟ್ಟೆಯೊಳಗೆ ಕತ್ತರಿ ಯಾಕೆ ಅಂತ. ಈಗ ನನಗೂ ಹಾಗೇ ಅನಿಸ್ತಾ ಉಂಟು. ನಾವು ಕುಚ್ಚಲಕ್ಕಿ ಗಂಜಿ ತಿನ್ನುವವರು ಮಾರಾಯ್ರೇ, ನಮಗೆಲ್ಲಿಂದ ಗೋಧಿ ಕಾಯಿಲೆ? ಯಾರ ಮಕ್ಕಳಿಗಾದ್ರೂ ಇದು ಮಾಡಿಸಿದ್ದುಂಟಾ?

ಉಪ್ಪಳ ಬಾಯ್

ಅಕ್ಕಾ ಎಂತ ಆಗ್ಲಿಕ್ಕಿಲ್ಲ, ಹೆದರ್ಬೇಡಿ. ನನಗೂ ಹೋದ ವರ್ಷ ಎಂಡೋಸ್ಕೋಪಿ ಆಗಿದೆ. ಗ್ಯಾಸ್ಟ್ರಿಕ್. ಪರೋಟ ಬಿಡು ಅಂದಿದ್ದಾರೆ, ಬಿಡ್ಲಿಲ್ಲ.

ಸಾವಯವ ಭಾವ

ನಿಮ್ಮ ಮಾವ ಹೇಳಿದ್ದೇ ಸರಿ ತಂಗಿ. ಈಗಿನ ಗೋಧಿ ಗೋಧಿಯೇ ಅಲ್ಲ, ಮೈದಾ ಅಂತೂ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು. ಮೂರು ತಿಂಗಳು ಬಿಟ್ಟು ನೋಡಿ, ಮಗು ಚಿಗಿತುಕೊಂಡ್ರೆ ಅದೇ ಕಾಯಿಲೆ, ಇಲ್ಲದಿದ್ರೆ ಅಲ್ಲ. ಟೆಸ್ಟ್ ಸ್ಕ್ಯಾನ್ ಎಲ್ಲ ಆಸ್ಪತ್ರೆಯ ಅಂಗಡಿ ವ್ಯಾಪಾರ.

ಕಾಡುಸಂಪಿಗೆ

ಭಾವ, ದಮ್ಮಯ್ಯ, ಇದೊಂದು ಸಲಹೆ ಯಾರಿಗೂ ಕೊಡ್ಬೇಡಿ. ಇದೇ ಮಾತು ಕೇಳಿ ನಾನು ಒಂದು ವರ್ಷ ಕಳ್ಕೊಂಡವಳು.

ಪುಟ್ಟಿಯ ಅಮ್ಮ, ನಮ್ಮದು ಮುಳ್ಳೇರಿಯ ಹತ್ತಿರ, ಮಗನಿಗೆ ಈಗ 9. ಅವನ 5ನೇ ವಯಸ್ಸಲ್ಲಿ ಪತ್ತೆ ಆದದ್ದು. ಮೊದಲು ಕೇಳುದು ಒಂದೇ, ನೀವು ಈಗಾಗ್ಲೇ ಗೋಧಿ ನಿಲ್ಲಿಸಿಲ್ಲ ಅಲ್ವಾ? ಟೆಸ್ಟ್ ಮುಗಿಯುವವರೆಗೆ ನಿಲ್ಲಿಸ್ಲೇಬಾರ್ದು. ಗೋಧಿ ಹೋಗುದು ನಿಂತ್ರೆ ಕರುಳು ತನ್ನಷ್ಟಕ್ಕೆ ರಿಪೇರಿ ಆಗ್ಲಿಕ್ಕೆ ಶುರು ಮಾಡ್ತದೆ, ರಕ್ತದಲ್ಲಿ ಟಿಟಿಜಿಯೂ ಇಳೀತದೆ. ಆಮೇಲೆ ಬಯಾಪ್ಸಿ ತೆಗೆದ್ರೆ ಎಲ್ಲ ನಾರ್ಮಲ್ ಅಂತ ಬರ್ಬಹುದು, ಆಗ ಕಾಯಿಲೆ ಇತ್ತಾ ಇಲ್ವಾ ಅಂತ ದೇವರಿಗೇ ಗೊತ್ತು. ನಾವು ಹಾಗೇ ಸಿಕ್ಕಿಬಿದ್ದದ್ದು. ಯಾರೋ ಹೇಳಿದ್ರು ಅಂತ ಚಪಾತಿ ಬಿಸ್ಕಿಟ್ ಎಲ್ಲ ಬಿಡಿಸಿ ಎಂಟು ತಿಂಗಳು, ಹುಡುಗ ಸ್ವಲ್ಪ ಮೈ ತುಂಬಿದ. ಆದ್ರೆ ಅತ್ತೆಮನೆಯಲ್ಲಿ ಯಾರೂ ನಂಬುದಿಲ್ಲ, 'ಒಂದು ಬನ್ಸ್ ತಿಂದ್ರೆ ಏನಾಗ್ತದೆ' ಅಂತ ಕೊಡುದು, ನನ್ನ ಕೈಯಲ್ಲಿ ತೋರಿಸ್ಲಿಕ್ಕೆ ಒಂದು ಕಾಗದ ಇಲ್ಲ. ಮತ್ತೆ ಡಾಕ್ಟ್ರ ಹತ್ತಿರ ಹೋದ್ರೆ, ಪುನಃ ಗೋಧಿ ತಿನ್ನಿಸಿ ಬನ್ನಿ ಅಂದ್ರು.

ಪುಟ್ಟಿಯ ಅಮ್ಮ, ನೀರ್ಚಾಲು

ಅಯ್ಯೋ ದೇವರೇ. ನಿಲ್ಲಿಸಿ ಇವತ್ತಿಗೆ 12 ದಿನ ಆಯ್ತು. ರಿಪೋರ್ಟ್ ನೋಡಿದ ರಾತ್ರಿಯೇ ಬಿಸ್ಕಿಟ್ ಡಬ್ಬ ದನಕ್ಕೆ ಹಾಕಿದ್ದೆ. ಕಕ್ಕ ಸ್ವಲ್ಪ ಗಟ್ಟಿ ಆದ ಹಾಗೆ ಅನಿಸ್ತಿತ್ತು, ಖುಷಿಯಲ್ಲಿದ್ದೆ.

ಮೈಕ್ರೋಸ್ಕೋಪ್

ಟೆನ್ಷನ್ ಮಾಡ್ಬೇಡಿ, 12 ದಿನದಲ್ಲಿ ಕರುಳು ಪೂರ ಗುಣ ಆಗುದಿಲ್ಲ. ಆದ್ರೆ ನಾಳೆಯೇ ಫೋನ್ ಮಾಡಿ ಡಾಕ್ಟ್ರಿಗೆ ಹೇಳಿ, ಮುಚ್ಚಿಡ್ಬೇಡಿ. ಎಷ್ಟು ತಿನ್ನಿಸ್ಬೇಕು, ಎಷ್ಟು ವಾರ ಕಾಯ್ಬೇಕು ಅಂತ ಅವರೇ ಹೇಳ್ಬೇಕು.

ನಾನು ಕುಂಬಳೆಯವ, ಮಂಗಳೂರಲ್ಲಿ ಪೆಥಾಲಜಿ ಲ್ಯಾಬಲ್ಲಿ ಟೆಕ್ನಿಷಿಯನ್. ಡಾಕ್ಟ್ರಲ್ಲ, ಆದ್ರೆ ಈ ಚೂರುಗಳು ಬಂದು ಬೀಳುದು ನಮ್ಮ ಮೇಜಿಗೇ. ಕತ್ತರಿ ಅಂತ ನಿಮ್ಮ ಮಾವ ಹೇಳಿದ್ರಲ್ಲ, ಅದಕ್ಕೆ ಹೇಳ್ತೇನೆ. ಚೂರಿನ ಗಾತ್ರ ಎರಡು ಮೂರು ಮಿಲಿಮೀಟರ್, ಅರ್ಧ ಅಕ್ಕಿಕಾಳಿನಷ್ಟು. ಪುಟ್ಟ ಫಾರ್ಮಲಿನ್ ಬಾಟ್ಲಿಯ ತಳದಲ್ಲಿ ಕೂತಿದ್ರೆ ಹೊಸಬರಿಗೆ ಕಾಣುದೂ ಇಲ್ಲ, ಒಮ್ಮೆ ಟ್ರೈನಿ ಹುಡುಗ ಬಾಟ್ಲಿ ಖಾಲಿ ಅಂತ ವಾಪಸ್ ತಂದಿದ್ದ. ಅದನ್ನು ಮೇಣದಲ್ಲಿ ಕೂರಿಸಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ದು ಬಣ್ಣ ಹಾಕುದು, ಗುಲಾಬಿ ನೇರಳೆ. ಮೇಣದಲ್ಲಿ ಕೂರಿಸುವಾಗ ಚೂರು ಓರೆ ಆದ್ರೆ ಉದ್ದ ಇರುವ ವಿಲ್ಲೈ ಕೂಡ ಮೊಂಡಾಗಿ ಕಾಣ್ತದೆ, ಇಲ್ಲದ ಕಾಯಿಲೆ ಉಂಟು ಅಂತ ಆಗಿಬಿಡ್ತದೆ. ಹಾಗಾಗಿ ಒಂದು ಚೂರು ಸಾಲುದಿಲ್ಲ. ಸಣ್ಣ ಕರುಳಿನ ಶುರುವಿನ ಭಾಗ ಡ್ಯುವೋಡಿನಂ, ಅದರ ಬಾಯಿ ಹತ್ತಿರದ ಬಲ್ಬ್‌ನಿಂದ ಕನಿಷ್ಠ ಒಂದು, ಮುಂದಿನ ಭಾಗದಿಂದ ಕನಿಷ್ಠ ನಾಲ್ಕು ತೆಗೀತಾರೆ. ಕಾಯಿಲೆ ಎಲ್ಲ ಕಡೆ ಒಂದೇ ಥರ ಇರುದಿಲ್ಲ, ಒಂದು ಕಡೆ ಹಾಳಾಗಿ ಪಕ್ಕದಲ್ಲೇ ಚಂದ ಇರ್ಬಹುದು.

ಪೆರ್ಲದ ಮಾಷ್ಟ್ರು

ಈ ವಿಲ್ಲೈ ಅಂದ್ರೆ ಎಂತ ಅಂತ ಸ್ವಲ್ಪ ನಮಗೆ ಅರ್ಥ ಆಗುವ ಹಾಗೆ ಹೇಳಿ ಪುಣ್ಯಾತ್ಮ.

ಮೈಕ್ರೋಸ್ಕೋಪ್

ಟರ್ಕಿ ಬೈರಾಸು (ಟವೆಲ್) ನೋಡಿದ್ದೀರಲ್ಲ ಮಾಷ್ಟ್ರೇ, ಮೇಲೆಲ್ಲ ನೂಲಿನ ಕುಚ್ಚು ಕುಚ್ಚು. ಸಣ್ಣ ಕರುಳಿನ ಒಳಮೈ ಹಾಗೆ. ಊಟದ ಸತ್ವ ಎಲ್ಲ ಆ ಕುಚ್ಚುಗಳೇ ಹೀರುದು. ಸೀಲಿಯಾಕ್ ಇದ್ದವರಿಗೆ ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೊಟೀನ್ ಒಳಗೆ ಹೋದ್ರೆ ಅವರ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಆ ಕುಚ್ಚು ಸವೆಸ್ತದೆ, ಬೈರಾಸು ಹೋಗಿ ಕುಚ್ಚಿಲ್ಲದ ತೆಳು ತೋರ್ತು ಆಗ್ತದೆ. ಕಬ್ಬಿಣ ಹಿಡಿಯುದಿಲ್ಲ, ಎಣ್ಣೆ ಅಂಶ ಹಿಡಿಯುದಿಲ್ಲ. ಪುಟ್ಟಿಗೆ ಸಿರಪ್ ತಾಗದೆ ಇದ್ದದ್ದು, ಕಕ್ಕ ಜಿಡ್ಡು ಇದ್ದದ್ದು ಎಲ್ಲ ಇದೇ ಇರ್ಬಹುದು. ಎಷ್ಟು ಸವೆದಿದೆ ಅಂತ ಹೇಳ್ಲಿಕ್ಕೆ ಮಾರ್ಷ್ ಅಂತ ಒಂದು ಅಳತೆ. ಮಾರ್ಷ್ 1 ಅಂದ್ರೆ ಕುಚ್ಚು ಸರಿ ಉಂಟು, ಬಿಳಿ ರಕ್ತಕಣ ಮಾತ್ರ ಜಾಸ್ತಿ ನುಗ್ಗಿದೆ. 3ಎ, 3ಬಿ, 3ಸಿ ಅಂತ ಹೋದ ಹಾಗೆ ಸವೆತ ಜಾಸ್ತಿ, 3ಸಿಯಲ್ಲಿ ಪೂರ ಬೋಳು.

ದುಬೈ ಕುಂಬಳೆ

ಇಲ್ಲಿ ನನ್ನ ಫ್ರೆಂಡಿನ ಮಗಳಿಗೆ ಬಯಾಪ್ಸಿ ಇಲ್ಲದೆಯೇ ಸೀಲಿಯಾಕ್ ಅಂತ ಬರೆದು ಕೊಟ್ಟಿದ್ದಾರೆ. ಬರೇ ಬ್ಲಡ್ ಟೆಸ್ಟ್. ಊರಲ್ಲಿ ಯಾಕೆ ಇನ್ನೂ ಹಳೇ ಕಾಲದ ಥರ ಬಾಯಿಗೆ ಪೈಪ್ ಹಾಕುದು?

ಸಾವಯವ ಭಾವ

ನೋಡಿದ್ರಾ! ನಾನು ಹೇಳಿದ್ದು.

ಕಾಡುಸಂಪಿಗೆ

ನೀವು ಹೇಳಿದ್ದು ಅದಲ್ಲ ಭಾವ, ನೀವು ಬ್ಲಡ್ ಟೆಸ್ಟೂ ಬೇಡ ಅಂದದ್ದು.

ದುಬೈಯವರೇ, ಅವರ ಟಿಟಿಜಿ ಎಷ್ಟಿತ್ತು ಕೇಳಿ ನೋಡಿ. ನಮ್ಮ ಡಾಕ್ಟ್ರು ಬಿಡಿಸಿ ಹೇಳಿದ್ದು ಹೀಗೆ. ಯುರೋಪಿನ ಮಕ್ಕಳ ಗ್ಯಾಸ್ಟ್ರೋ ಡಾಕ್ಟ್ರುಗಳ ಸಂಘ 2012ರಲ್ಲಿ ಮೊದಲ ಸಲ ಈ ದಾರಿ ತೆರೆದದ್ದು, 2020ರಲ್ಲಿ ಸ್ವಲ್ಪ ಸಡಿಲ ಮಾಡಿದ್ರು. ಟಿಟಿಜಿ ಐಜಿಎ ಆ ಲ್ಯಾಬಿನ ನಾರ್ಮಲ್ ಮಿತಿಗಿಂತ 10 ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇರ್ಬೇಕು, ಆಮೇಲೆ ಬೇರೆ ದಿನ ತೆಗೆದ ಇನ್ನೊಂದು ರಕ್ತದಲ್ಲಿ ಇಎಂಎ ಅಂತ ಟೆಸ್ಟ್ ಅದೂ ಪಾಸಿಟಿವ್ ಬರ್ಬೇಕು. ಎರಡೂ ಆದ್ರೆ, ಅಪ್ಪ ಅಮ್ಮ ಒಪ್ಪಿದ್ರೆ, ಮಕ್ಕಳಿಗೆ ಬಯಾಪ್ಸಿ ಬಿಡ್ಬಹುದು. ಪುಟ್ಟಿಗೆ 20ರ ಮಿತಿಗೆ 86, ಅಂದ್ರೆ ನಾಲ್ಕು ಪಟ್ಟು ಚಿಲ್ಲರೆ. 200 ದಾಟಿದ್ರೆ ಆ ಮಾತು ಬರ್ತಿತ್ತು.

ದುಬೈ ಕುಂಬಳೆ

ಕೇಳಿದೆ. ಅವರದ್ದು 10ರ ಮಿತಿಗೆ 128ರ ಮೇಲೆ. ಇಎಂಎಯೂ ಮಾಡಿಸಿದ್ದಾರಂತೆ. ಸಾರಿ, ಅರ್ಧ ಗೊತ್ತಿದ್ದು ಬರೆದೆ.

ಮೈಕ್ರೋಸ್ಕೋಪ್

ಒಂದು ಸೇರಿಸ್ತೇನೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಕಿಟ್ ಬೇರೆ, ಮಿತಿ ಬೇರೆ. ಒಂದು ಕಡೆ 86 ದೊಡ್ಡದು, ಇನ್ನೊಂದು ಕಡೆ ಸಣ್ಣದು. ಪಕ್ಕದ ಮನೆಯವರ ನಂಬರಿಗೆ ನಿಮ್ಮದು ಹೋಲಿಸ್ಬೇಡಿ, ಪಟ್ಟು ಲೆಕ್ಕ ಹಾಕಿ. ಮತ್ತೆ ಟೋಟಲ್ ಐಜಿಎ (ಐಜಿಎ ಅನ್ನುವ ಪ್ರತಿಕಾಯ ರಕ್ತದಲ್ಲಿ ಒಟ್ಟು ಎಷ್ಟುಂಟು ಅಂತ) ಮಾಡಿಸಿದ್ದಾರಾ? ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಐಜಿಎ ಕಡಿಮೆ, ಅಂಥವರಿಗೆ ಕಾಯಿಲೆ ಇದ್ರೂ ಟಿಟಿಜಿ ಐಜಿಎ ನೆಗೆಟಿವ್ ಬರ್ತದೆ, ಆಗ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯದ ಟೆಸ್ಟ್ ನೋಡ್ಬೇಕು.

ನಮ್ಮ ಕಡೆ ಬಯಾಪ್ಸಿ ಬೇಕು ಅನ್ಲಿಕ್ಕೆ ಇನ್ನೊಂದು ಕಾರಣ ಉಂಟು. ಕುಚ್ಚು ಸವೆಯುದು ಸೀಲಿಯಾಕಿನಿಂದ ಮಾತ್ರ ಅಲ್ಲ. ಗಿಯಾರ್ಡಿಯಾ ಅಂತ ನೀರಿಂದ ಬರುವ ಪರೋಪಜೀವಿ, ಟ್ರಾಪಿಕಲ್ ಸ್ಪ್ರೂ ಅನ್ನುವ ಇನ್ನೊಂದು ಕರುಳಿನ ಕಾಯಿಲೆ, ತೀರ ಅಪೌಷ್ಟಿಕತೆ, ಸಣ್ಣ ಮಕ್ಕಳಲ್ಲಿ ಹಾಲಿನ ಪ್ರೊಟೀನ್ ಆಗದೆ ಇರುದು, ಇವುಗಳಲ್ಲೂ ಆಗ್ತದೆ. ಗಿಯಾರ್ಡಿಯಾ ಆದ್ರೆ ಕೆಲವೊಮ್ಮೆ ಅದೇ ಸ್ಲೈಡಲ್ಲಿ ಆ ಪ್ರಾಣಿಯೇ ಕೂತಿರುದು ಕಾಣ್ತದೆ. ರಕ್ತ ಮತ್ತು ಚೂರು, ಎರಡೂ ಸೇರಿಸಿ ನೋಡಿಯೇ ಡಾಕ್ಟ್ರು ತೀರ್ಮಾನ ಮಾಡುದು.

ಅಕ್ಕಲಕೋಟಿ ಹುಡುಗ

ನಾವು ಅಕ್ಕಲಕೋಟಿ ಕಡೆಯಾವ್ರು. ನಿಮ್ಮ ಮಾತು ಓದಿ ಬರಿಬೇಕನಿಸ್ತು. ನಮ್ಮ ಅಣ್ಣನ ಮಗಂದು ಇದಾ ಕತಿ. ಹೊಟ್ಟಿ ಉಬ್ಬಿತ್ತು, ಸೊರಗಿ ಸೊರಗಿ ಹೋಗಿದ್ದ, ಒಬ್ಬ ಡಾಕ್ಟರು ಹೊಟ್ಟ್ಯಾಗಿನ ಟಿಬಿ ಅಂದ್ರು, ಆರು ತಿಂಗಳು ಟಿಬಿ ಗುಳಗಿ ನುಂಗಸೀವಿ. ಬಯಾಪ್ಸಿ ಇಲ್ಲ ಏನಿಲ್ಲ, ಸ್ಕ್ಯಾನಿಂಗ್ ನೋಡಿ ಹೇಳಿದ್ದು. ಗುಣ ಆಗ್ಲಿಲ್ಲ. ಆಮ್ಯಾಲೆ ಸೊಲ್ಲಾಪುರದಾಗ ಬ್ಯಾರೆ ಡಾಕ್ಟರು ದೂರ್ಬೀನ್ ಹಾಕಿ ಚೂರು ತಗದು ನೋಡಿದ್ರು, ಸೀಲಿಯಾಕ್ ಅಂತ ಬಂತು. ಆ ಒಂದು ಚೂರು ಮೊದಲಾ ತಗದಿದ್ರ ಆ ಕೂಸಿಗಿ ಆರು ತಿಂಗಳ ಗುಳಗಿ ತಪ್ಪತಿತ್ತು. ನಿಮ್ಮ ಮಾವಗ ಇದು ಓದಿ ಹೇಳ್ರಿ.

ಈಗ ಬರೇ ಜ್ವಾಳದ ರೊಟ್ಟಿ ತಿಂದು ಹೋರಿ ಆಗ್ಯಾನ. ನಮ್ಮ ಅವ್ವ ಅಂತಾಳ, ಮೊದಲಿನಂಗ ಮನ್ಯಾಗ ಬರೇ ಜ್ವಾಳ ಇದ್ದಿದ್ರ ಈ ಜಡ್ಡು ಗೊತ್ತಾ ಆಗ್ತಿದ್ದಿಲ್ಲ ಅಂತ.

ಹೊಸೂರು ಗೌಡ

ರಾಗಿ ಮುದ್ದೆ ತಿನ್ನಿ ಕಣ್ರೀ, ಯಾವ ಕಾಯಿಲೆನೂ ಬರಲ್ಲ 😄

ಕಾಡುಸಂಪಿಗೆ

ಬಂದ ಮೇಲೆ ತಿನ್ಲಿಕ್ಕೆ ರಾಗಿ ಒಳ್ಳೇದು ಗೌಡ್ರೇ, ಬರದ ಹಾಗೆ ತಡೀಲಿಕ್ಕೆ ಅಲ್ಲ.

ಪೆರ್ಲದ ಮಾಷ್ಟ್ರು

ಅಕ್ಕಲಕೋಟಿಯ ಅಜ್ಜಿಯ ಮಾತಲ್ಲಿ ಸತ್ಯ ಉಂಟು. ನೀರ್ಚಾಲಿನ ತಂಗಿ ಕೇಳಿದ್ರಲ್ಲ, ಅಕ್ಕಿ ತಿನ್ನುವವರಿಗೆ ಗೋಧಿ ಕಾಯಿಲೆ ಎಲ್ಲಿಂದ ಅಂತ. ನಾನು ಹುಡುಕಿ ಓದಿದೆ. ನಮ್ಮ ದೇಶದಲ್ಲೇ ಮಾಡಿದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟ ಆಗಿದೆ, 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ನೋಡಿದ್ದಾರೆ. ಟಿಟಿಜಿಯಂಥ ಸೀಲಿಯಾಕಿನ ಪ್ರತಿಕಾಯ ಉತ್ತರದಲ್ಲಿ 100ರಲ್ಲಿ 1ಕ್ಕಿಂತ ತುಸು ಹೆಚ್ಚು ಜನರಲ್ಲಿ, ದಕ್ಷಿಣದಲ್ಲಿ 1,000ದಲ್ಲಿ 1. ಆದ್ರೆ ಡಿಕ್ಯೂ2, ಡಿಕ್ಯೂ8 ಅಂತ ಯಾವ ಜೀನ್ ಇದ್ರೆ ಈ ಕಾಯಿಲೆ ಬರ್ಬಹುದೋ ಅದು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಮೂರರಲ್ಲಿ ಒಬ್ಬರಿಗೆ. ವ್ಯತ್ಯಾಸ ಎಂತದ್ದು ಅಂದ್ರೆ ತಟ್ಟೆಯದ್ದು, ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25. ಹಾಗಾಗಿ ಬೀಜ ನಮ್ಮಲ್ಲೂ ಉಂಟು, ಗೊಬ್ಬರ ಬೀಳದೆ ಮಲಗಿತ್ತು ಅಂತ ನನ್ನ ಲೆಕ್ಕ. ಈಗ ನಮ್ಮ ಮಕ್ಕಳ ಬೆಳಗ್ಗಿನ ತಿಂಡಿ ನೋಡಿ, ಗಂಜಿ ಎಲ್ಲಿ ಉಂಟು? ರಸ್ಕ್, ಬ್ರೆಡ್, ನೂಡಲ್ಸ್, ಮಾಲ್ಟ್.

ಪುಟ್ಟಿಯ ಅಮ್ಮ, ನೀರ್ಚಾಲು

ಮಾಷ್ಟ್ರೇ ನೀವು ಹೇಳಿದ ಮೇಲೆ ಲೆಕ್ಕ ಹಾಕಿದೆ. ಬೆಳಗ್ಗೆ ಹಾಲಿಗೆ ಮಾಲ್ಟ್ ಪುಡಿ (ಅದರಲ್ಲಿ ಬಾರ್ಲಿ), ಹತ್ತು ಗಂಟೆಗೆ ಬಿಸ್ಕಿಟ್, ಸಂಜೆ ಬನ್ಸ್ ಅಥವಾ ಗೋಳಿಬಜೆ, ರಾತ್ರಿ ಅವಳಿಗೆ ಅಂತಲೇ ಎರಡು ಚಪಾತಿ. ಗಂಜಿ ತಿನ್ನುವವರು ಅಂತ ನಾನೇ ಬರೆದದ್ದು, ನಾಚಿಕೆ ಆಗ್ತದೆ. ಗಂಜಿ ತಿನ್ನುದು ಅತ್ತೆ ಮಾವ ಮಾತ್ರ.

ಸಿಸ್ಟರ್ ಆಂಟಿ, ಮಂಜೇಶ್ವರ

ಅಂಗನವಾಡಿಯ ಅಮೃತಂ ಪುಡಿ ಬಿಟ್ರಲ್ಲ ಮಗಾ. ಆರು ತಿಂಗಳಿಂದ ಮೂರು ವರ್ಷದವರೆಗೆ ನಮ್ಮ ಎಲ್ಲ ಮಕ್ಕಳೂ ತಿನ್ನುದು ಅದೇ. ಕುಡುಂಬಶ್ರೀ ಸಂಘದ ಹೆಂಗಸರು ಮಾಡುದು, ಒಳ್ಳೇ ಪುಡಿ, ಸೋಯಾ, ಕಡಲೆಬೇಳೆ, ನೆಲಗಡಲೆ ಎಲ್ಲ ಉಂಟು, ಸಾವಿರ ಮಕ್ಕಳು ಅದರಿಂದಲೇ ಗಟ್ಟಿ ಆಗಿದ್ದಾರೆ. ಆದ್ರೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಇರುದು ಗೋಧಿ. ಈ ಕಾಯಿಲೆಯ ಮಗುವಿಗೆ ಮಾತ್ರ ಅದು ಆಗುದಿಲ್ಲ.

ಪೈಪ್ ಹಾಕುದು ಹಳೇ ಕಾಲದ್ದು ಅಂತ ದುಬೈಯ ಹುಡುಗ ಬರೆದದ್ದು ನೋಡಿ ನಗು ಬಂತು. ಹಳೇ ಕಾಲ ಅಂದ್ರೆ ಎಂತದ್ದು ಅಂತ ನಾನು ನೋಡಿದ್ದೇನೆ. ನಾನು ನರ್ಸಿಂಗ್ ಕಲಿತು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕ್ಯಾಪ್ಸೂಲ್ ಇತ್ತು, ಕ್ರಾಸ್ಬಿ ಕ್ಯಾಪ್ಸೂಲ್ ಅಂತ, 1957ರಲ್ಲಿ ಅಮೆರಿಕದವರು ಮಾಡಿದ್ದು. ಲೋಹದ ಗುಳಿಗೆ, ಅದರ ಬಾಲಕ್ಕೆ ಉದ್ದ ಸಪೂರ ಟ್ಯೂಬ್. ಮಗು ಅದನ್ನು ನುಂಗ್ಬೇಕು. ನುಂಗಿಸುದೇ ಒಂದು ಯುದ್ಧ. ಆಮೇಲೆ ಅದು ತನ್ನಷ್ಟಕ್ಕೆ ಇಳಿದು ಸಣ್ಣ ಕರುಳಿಗೆ ಹೋಗುವವರೆಗೆ ಗಂಟೆಗಟ್ಟಲೆ ಕಾಯುದು, ಎಲ್ಲಿಗೆ ತಲುಪಿತು ಅಂತ ನಡುನಡುವೆ ಎಕ್ಸ್‌ರೇ. ಸರಿಯಾದ ಜಾಗಕ್ಕೆ ಹೋದ ಮೇಲೆ ಸಿರಿಂಜಲ್ಲಿ ಗಾಳಿ ಎಳೆದ್ರೆ ಒಳಗೆ ಚಾಕು ತಿರುಗಿ ಒಂದು ಚೂರು ಕೊಯ್ತದೆ. ಎಲ್ಲ ಮುಗಿದು ಹೊರಗೆ ಎಳೆದು ನೋಡಿದ್ರೆ ಕೆಲವು ಸಲ ಕ್ಯಾಪ್ಸೂಲ್ ಖಾಲಿ! ಆ ಅಮ್ಮಂದಿರ ಮುಖ ಈಗಲೂ ನೆನಪುಂಟು. ಒಂದು ಹುಡುಗಿ ಐದು ಗಂಟೆ ನನ್ನ ಸೆರಗು ಹಿಡ್ಕೊಂಡು ಕೂತಿದ್ಳು, ಬಾಯಿಯಿಂದ ಟ್ಯೂಬ್ ನೇತಾಡ್ತಾ ಇತ್ತು. ಈಗ ಮಗುವಿಗೆ ನಿದ್ದೆ ಬರಿಸ್ತಾರೆ, ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಡಾಕ್ಟ್ರು ಕ್ಯಾಮೆರಾದಲ್ಲಿ ನೋಡಿ ನೋಡಿ ಬೇಕಾದಲ್ಲಿಂದ ತೆಗೀತಾರೆ. ಕರುಳಿನ ಒಳಮೈಯಲ್ಲಿ ಆ ಚಿವುಟು ನೋಯುದಿಲ್ಲ. ಎದ್ದ ಮೇಲೆ ಗಂಟಲು ಸ್ವಲ್ಪ ಕೆರೆದ ಹಾಗೆ ಅನಿಸ್ಬಹುದು, ಅಷ್ಟೇ. ರಕ್ತ ಸುರಿಯುದು, ಕರುಳು ತೂತಾಗುದು ಇವೆಲ್ಲ ತೀರ ಅಪರೂಪ.

ಪೆರ್ಲದ ಮಾಷ್ಟ್ರು

ಸಿಸ್ಟರ್ ಅಮ್ಮ, ಒಳ್ಳೇ ವಿಷಯ ಹೇಳಿದ್ರಿ. ಗೋಧಿಯೇ ಕಾರಣ ಅಂತ ಗೊತ್ತಾದದ್ದರ ಹಿಂದೆ ಒಂದು ಬರಗಾಲದ ಕತೆ ಉಂಟು. ಡಿಕೆ ಅಂತ ನೆದರ್ಲೆಂಡಿನ ಮಕ್ಕಳ ಡಾಕ್ಟ್ರು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಬ್ರೆಡ್ಡಿಗೆ ತತ್ವಾರ, ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದ್ರಂತೆ. ಎಲ್ಲ ಮಕ್ಕಳು ಸೊರಗಿದ್ರೆ ಇವರ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದ್ರು. ಬ್ರೆಡ್ ವಾಪಸ್ ಬಂದದ್ದೇ ಪುನಃ ಹಾಸಿಗೆ ಹಿಡಿದ್ರು. ಅದಕ್ಕೆ ಮೊದಲೇ ಅವರಿಗೆ ಗೋಧಿ ಮೇಲೆ ಸಂಶಯ ಇತ್ತಂತೆ, 1950ರಲ್ಲಿ ಅದನ್ನೇ ಪ್ರಬಂಧ ಮಾಡಿ ಬರೆದ್ರು.

ಉಪ್ಪಳ ಬಾಯ್

ಮಾಷ್ಟ್ರು ಕ್ಲಾಸ್ ಶುರು ಮಾಡಿದ್ರು, ಹಾಜರಿ ಸಾರ್ 🙋

ಸಾವಯವ ಭಾವ

ಅದೇ ಅಲ್ವಾ ನಾನು ಹೇಳಿದ್ದು? ಆ ಡಾಕ್ಟ್ರು ಬಯಾಪ್ಸಿ ಮಾಡಿದ್ರಾ? ತಿನ್ನುದು ಬಿಟ್ಟಾಗ ಗುಣ ಆಯ್ತು, ತಿಂದಾಗ ಬಿದ್ರು, ಲೆಕ್ಕ ಮುಗೀತು.

ಮೈಕ್ರೋಸ್ಕೋಪ್

ಭಾವ, ಪಾಯಿಂಟ್ ಒಪ್ತೇನೆ, ಆಗ ಹೀಗೆ ಕರುಳಿನ ಬಯಾಪ್ಸಿ ಮಾಡುದೇ ಇರ್ಲಿಲ್ಲ. ಆದ್ರೆ ಅವರು ಸಂಶಯ ಬಂತು ಅಂತ ಕೈಕಟ್ಟಿ ಕೂತವರಲ್ಲ, ಕೊಟ್ಟು ನೋಡಿ, ಬಿಡಿಸಿ ನೋಡಿ, ತೂಕ ಮಲ ಎಲ್ಲ ಅಳೆದು ಬರೆದವರು. ಮನೆಯಲ್ಲಿ ನಾವು ಮಾಡುದು ಹಾಗಲ್ಲ. ಗೋಧಿ ಬಿಟ್ಟ ಕೂಡಲೇ ಬಿಸ್ಕಿಟ್, ಕರಿದದ್ದು, ಬೇಕರಿ ಎಲ್ಲ ಒಟ್ಟಿಗೆ ಬಿಡ್ತೇವೆ, ಯಾವ ಮಗುವಿನ ಹೊಟ್ಟೆಯೂ ಸ್ವಲ್ಪ ಹಗುರ ಆಗ್ತದೆ. ಅಷ್ಟನ್ನೇ ನಂಬಿ ಒಂದು ಮಗುವಿಗೆ ಜೀವಮಾನ ಇಡೀ ಪಥ್ಯ ಹಾಕ್ಲಿಕ್ಕೆ ಆಗ್ತದಾ? ಈ ಕಾಯಿಲೆಗೆ ಪಥ್ಯ ಮೂರು ತಿಂಗಳದ್ದಲ್ಲ, ಸಾಯುವವರೆಗೆ.

ಸಾವಯವ ಭಾವ

ಸರಿ ಮಾರಾಯ, ಮಗುವಿನ ವಿಷಯ, ನಾನು ಜಗಳಕ್ಕಿಲ್ಲ. ಮೈದಾ ಗೋಂದು ಅನ್ನುದು ಮಾತ್ರ ವಾಪಸ್ ತಗೊಳ್ಳುದಿಲ್ಲ.

ಪುಟ್ಟಿಯ ಅಮ್ಮ, ನೀರ್ಚಾಲು

ಡಾಕ್ಟ್ರಿಗೆ ಫೋನ್ ಮಾಡಿದೆ. ಬೈಲಿಲ್ಲ ಪುಣ್ಯಕ್ಕೆ. ಡೇಟ್ ಮುಂದೆ ಹಾಕಿದ್ದಾರೆ, ಅಲ್ಲಿವರೆಗೆ ದಿನಾ ಎರಡು ಸ್ಲೈಸ್ ಬ್ರೆಡ್ ಅಥವಾ ಚಪಾತಿ ತಪ್ಪದೆ ಕೊಡ್ಬೇಕಂತೆ. ಟೋಟಲ್ ಐಜಿಎ ಆಗಲೇ ಮಾಡಿಸಿದ್ರಂತೆ, ನಾರ್ಮಲ್ ಉಂಟು.

ನಿನ್ನೆಯಿಂದ ಪುನಃ ಶುರು ಮಾಡಿದೆ. ಬ್ರೆಡ್ಡಿಗೆ ಬೆಣ್ಣೆ ಸಕ್ಕರೆ ಹಚ್ಚಿ ಕೊಟ್ರೆ ಕುಣಿತಾ ತಿಂತಾಳೆ, ಅವಳಿಗೇನು ಗೊತ್ತು. ನನಗೆ ವಿಷ ಕೊಟ್ಟ ಹಾಗೆ ಆಗ್ತದೆ. ಒಂದು ವಾರಕ್ಕೆ ಪುನಃ ಹೊಟ್ಟೆ ಉಬ್ಬರ, ರಾತ್ರಿ ಅಳುದು ಶುರು ಆದ್ರೆ ಹೇಗೆ ತಡ್ಕೊಳ್ಳುದು?

ಕಾಡುಸಂಪಿಗೆ

ಗೊತ್ತುಂಟು ತಂಗಿ. ನನಗೆ ಅದೇ ಅತ್ಯಂತ ಬಂಙದ ದಿನಗಳು, ಎಂಡೋಸ್ಕೋಪಿ ಅಲ್ಲ. ಕ್ಯಾಲೆಂಡರಲ್ಲಿ ದಿನ ಹೊಡೆದು ಹಾಕ್ತಿದ್ದೆ. ತೀರ ಜಾಸ್ತಿ ವಾಂತಿಭೇದಿ ಆದ್ರೆ ಮಾತ್ರ ಕಾಯ್ಬೇಡಿ, ಕೂಡಲೇ ಫೋನ್ ಮಾಡಿ.

ಆ ದಿನ ಹೇಗಿರ್ತದೆ ಅಂತ ಹೇಳ್ತೇನೆ. ಘನ ಆಹಾರ ಆರು ಗಂಟೆ ಮೊದಲು ನಿಲ್ಲಿಸ್ಲಿಕ್ಕೆ ಹೇಳ್ತಾರೆ, ಬೆಳಗ್ಗಿನ ಮೊದಲ ಸ್ಲಾಟ್ ಕೇಳಿ ತಗೊಳ್ಳಿ, ಹಸಿದ ಮಗುವನ್ನು ಇಟ್ಕೊಂಡು ಹನ್ನೊಂದು ಗಂಟೆವರೆಗೆ ಕಾರಿಡಾರಲ್ಲಿ ಕೂರುದು ಬೇಡ. ನಾವು ಮುನ್ನಾ ದಿನವೇ ಮಂಗಳೂರಿಗೆ ಹೋಗಿ ನಾದಿನಿ ಮನೆಯಲ್ಲಿ ಉಳಿದದ್ದು. ಹಸಿರು ಗೌನ್ ಹಾಕಿದ್ರು, ಅವನಿಗೆ ಅದು ಪಾದದವರೆಗೆ, ಯಕ್ಷಗಾನದ ಸ್ತ್ರೀವೇಷ ಅಂತ ಅವನ ಅಪ್ಪ ತಮಾಷೆ ಮಾಡಿದ್ರು. ನಿದ್ದೆ ಬರುವವರೆಗೆ ನನ್ನನ್ನು ಒಳಗೆ ಬಿಟ್ರು. ಹೊರಗೆ ಬಂದು ಒಂದು ಚಾ ಕುಡಿಯುವಷ್ಟರಲ್ಲಿ ಕರೆದ್ರು. ಡಾಕ್ಟ್ರು ಫೋಟೋ ತೋರಿಸಿದ್ರು, ಕರುಳಿನ ಒಳಮೈ ಬೇಸಿಗೆಯಲ್ಲಿ ಗದ್ದೆ ಬಿರಿದ ಹಾಗೆ ಗೆರೆ ಗೆರೆ. ಆದ್ರೆ ಕಣ್ಣಿಗೆ ಚಂದ ಕಂಡ್ರೂ ಒಳಗೆ ಕಾಯಿಲೆ ಇರ್ಬಹುದಂತೆ, ಹಾಗಾಗಿ ಫೋಟೋ ಸಾಲುದಿಲ್ಲ, ಚೂರು ಬೇಕೇ ಬೇಕು. ಎದ್ದವನು ಮೊದಲು ಕೇಳಿದ್ದು 'ಅಮ್ಮ ಗೋಳಿಬಜೆ'. ಕೊಡ್ಸಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಕೂತು ಅವನು ತಿನ್ನುದು ನೋಡ್ತಾ ನಾನು ಅಳುದು, ಹೋಟೆಲಿನವ ಎಂತ ಅಂದ್ಕೊಂಡನೋ. ಅದೇ ಅವನ ಕೊನೆಯ ಗೋಳಿಬಜೆ.

ದುಬೈ ಕುಂಬಳೆ

ಈಗ ಕಡಲೆಹಿಟ್ಟು ಅಕ್ಕಿಹಿಟ್ಟು ಹಾಕಿ ಮಾಡ್ಬಹುದಲ್ಲ?

ಕಾಡುಸಂಪಿಗೆ

ಮಾಡ್ತೇನೆ. ಬಜೆ ಆಗ್ತದೆ, ಗೋಳಿ ಆಗುದಿಲ್ಲ.

ಉಪ್ಪಳ ಬಾಯ್

ಮಂಗಳೂರಿಗೇ ಯಾಕೆ ಎಲ್ಲರೂ, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಯಾಕಿಲ್ಲ ಅಂತ ಒಬ್ಬರೂ ಕೇಳುದಿಲ್ಲ ನೋಡಿ. 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿಯಲ್ಲಿ ಮಣ್ಣು ಹಾಕಿ ರಸ್ತೆ ಬಂದ್ ಮಾಡಿದಾಗ ಗೊತ್ತಾದದ್ದು ನಮ್ಮ ಗತಿ.

ಪೆರ್ಲದ ಮಾಷ್ಟ್ರು

ಅದನ್ನು ಈಗ ಎತ್ಬೇಡ ಹುಡುಗಾ, ಅದಕ್ಕೆ ಬೇರೆ ಥ್ರೆಡ್ ಬೇಕು, ನಾಲ್ಕು ದಿನ ಸಾಲದು. ಆದ್ರೆ ಹೇಳಿದ್ದು ಸುಳ್ಳಲ್ಲ.

ಪುಟ್ಟಿಯ ಅಮ್ಮ, ನೀರ್ಚಾಲು

ತುಂಬ ದಿನ ಬರೀಲಿಲ್ಲ, ಸುಮಾರು ಜನ ಮೆಸೇಜ್ ಮಾಡಿ ಕೇಳಿದ್ರಿ. ಮೊನ್ನೆ ಆಯ್ತು. ಬ್ರೆಡ್ ತಿನ್ನಿಸಿದ ಆ ವಾರಗಳ ಬಗ್ಗೆ ಬರೆಯುದಿಲ್ಲ, ಬಿಡಿ.

ಆರು ಚೂರು ತೆಗೆದ್ರು. ಮಾವ ಬಂದಿದ್ರು ಜೊತೆಗೆ. ನರ್ಸ್ ಹತ್ತಿರ ಬಾಟ್ಲಿ ಕೇಳಿ ಬೆಳಕಿಗೆ ಹಿಡಿದು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ 'ಇದೆಯಾ ಇದರಲ್ಲಿ?' ಅಂತ ಕೇಳಿದ್ರು. ಆಮೇಲೆ ಕತ್ತರಿ ಮಾತು ಎತ್ಲಿಲ್ಲ.

ಇವತ್ತು ರಿಪೋರ್ಟ್ ಬಂತು. ಮಾರ್ಷ್ 3ಬಿ. ಗಿಯಾರ್ಡಿಯಾ ಕಾಣ್ಲಿಲ್ಲ ಅಂತಲೂ ಬರೆದಿದ್ದಾರೆ. ಸೀಲಿಯಾಕೇ ಅಂತ ಡಾಕ್ಟ್ರು ಹೇಳಿದ್ರು. ಅತ್ತೆ ಕೇಳಿದ್ದು ಒಂದೇ, ಕ್ಯಾನ್ಸರ್ ಅಲ್ಲ ಅಲ್ವಾ. ಅಲ್ಲ ಅಂದದ್ದೇ ಎದ್ದು ಹೋಗಿ ದೇವರಿಗೆ ದೀಪ ಇಟ್ರು.

ಸಿಸ್ಟರ್ ಆಂಟಿ, ಮಂಜೇಶ್ವರ

ಒಳ್ಳೇದಾಯ್ತು ಮಗಾ, ಏನು ಅಂತ ಗೊತ್ತಾಯ್ತಲ್ಲ. ಇನ್ನು ಅವಳು ಮೈ ತುಂಬುದು ನೋಡು. ಆರು ತಿಂಗಳಿಗೊಮ್ಮೆ ರಕ್ತ ನೋಡ್ತಾರೆ, ಟಿಟಿಜಿ ನಿಧಾನ ಇಳೀತದೆ, ವರ್ಷ ಎರಡು ವರ್ಷವೂ ಬೇಕಾಗ್ಬಹುದು. ಮಕ್ಕಳು ಚೆನ್ನಾಗಿ ಬೆಳೀತಿದ್ರೆ ಪುನಃ ಬಯಾಪ್ಸಿ ಸಾಮಾನ್ಯಕ್ಕೆ ಕೇಳುದಿಲ್ಲ. ಪುಟ್ಟಿಗೆ ತಮ್ಮ ಇದ್ದಾನಲ್ಲ? ಅವನಿಗೂ ನಿಮ್ಮಿಬ್ಬರಿಗೂ ರಕ್ತ ಟೆಸ್ಟ್ ಮಾಡಿಸಿ. ಒಡಹುಟ್ಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುವ ಸಂಭವ ಉಂಟು.

ಕಾಡುಸಂಪಿಗೆ

ಇನ್ನು ಮನೆ ವಿಷಯ. ಇಂಗು ನೋಡಿ ಮೊದಲು! ಪೇಟೆಯಲ್ಲಿ ಸಿಗುವ ಇಂಗಿನಲ್ಲಿ ಗೋಧಿಹಿಟ್ಟು ಅಥವಾ ಮೈದಾ ಬೆರೆಸಿರ್ತಾರೆ, ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಇರ್ತದೆ. ನಾನು ಒಂದೂವರೆ ವರ್ಷ ಸಾಂಬಾರಿಗೆ ಹಾಕಿದೆ, ಟಿಟಿಜಿ ಯಾಕೆ ಇಳಿಯುದಿಲ್ಲ ಅಂತ ತಲೆ ಕೆಟ್ಟು ಹೋಗಿತ್ತು. ಅಕ್ಕಿಹಿಟ್ಟು ಊರಿನ ಮಿಲ್ಲಲ್ಲಿ ಮಾಡಿಸ್ಬೇಡಿ, ನಿಮ್ಮ ಮುಂಚಿನವರು ಗೋಧಿ ಹಾಕಿರ್ತಾರೆ. ದೋಸೆ ಕಾವಲಿ ಬೇರೆ, ಚಪಾತಿಯದ್ದು ಬೇರೆ. ಪ್ಯಾಕೆಟಲ್ಲಿ ಗ್ಲುಟೆನ್ ಫ್ರೀ ಅಂತ ಬರೀಬೇಕಾದ್ರೆ ಕಿಲೋಗೆ 20 ಮಿಲಿಗ್ರಾಂ ಒಳಗೆ ಇರ್ಬೇಕು ಅಂತ ಕಾನೂನು, ಅಷ್ಟು ಸೂಕ್ಷ್ಮ ಇದು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ರವೆಯದ್ದು, ಅದೂ ಇಲ್ಲ. ಬಾಳೆಹಣ್ಣು ಕೊಡಿ ಅಂತ ಭಟ್ಟರ ಹತ್ತಿರ ಮೊದಲೇ ಹೇಳಿಡಿ, ಇಲ್ಲದಿದ್ರೆ ಯಾರಾದ್ರೂ ಅಜ್ಜಿ 'ಪ್ರಸಾದ ಅಲ್ವಾ' ಅಂತ ಬಾಯಿಗೆ ಹಾಕಿ ಆಗಿರ್ತದೆ.

ಪುಟ್ಟಿಯ ಅಮ್ಮ, ನೀರ್ಚಾಲು

ಇಂಗಾ!! ಈಗ ಹೋಗಿ ನೋಡಿದೆ, ಹೌದು ಬರೆದಿದ್ದಾರೆ.

ತಮ್ಮ ಇದ್ದಾನೆ ಸಿಸ್ಟರ್, ಒಂದೂವರೆ ವರ್ಷ. ಅವನ ಟೆಸ್ಟ್ ಆಗುವವರೆಗೆ ಅವನಿಗೆ ಗೋಧಿ ನಿಲ್ಲಿಸ್ಬಾರ್ದು ಅಂತ ಈಗ ಕಲಿತಿದ್ದೇನೆ. ಹಾಗಾಗಿ ಒಂದೇ ಅಡಿಗೆಕೋಣೆಯಲ್ಲಿ ಅವನಿಗೆ ಅಮೃತಂ ಪುಡಿ ಕಲಸ್ಬೇಕು, ಇವಳಿಗೆ ಅದರ ಚಮಚವೂ ತಾಗ್ಬಾರ್ದು. ಮಾವ ಅವಳ ಪಾತ್ರೆಗಳಿಗೆಲ್ಲ ಕೆಂಪು ನೈಲ್ ಪಾಲಿಶಲ್ಲಿ ಚುಕ್ಕೆ ಹಾಕ್ತಾ ಕೂತಿದ್ದಾರೆ, ನನ್ನದೇ ಬಾಟ್ಲಿ, ಖಾಲಿ ಆಯ್ತು.

ಹೊಸೂರು ಗೌಡ

ಮೇಡಂ ಈಗಾದ್ರೂ ರಾಗಿ ತಿನ್ನಿಸಿ. ಕ್ಲೀನಾಗಿರೋ ರಾಗಿ ತಗೊಂಡು ಮನೇಲೇ ತೊಳೆದು ಮೊಳಕೆ ಕಟ್ಟಿ ಮಿಕ್ಸೀಲಿ ಪುಡಿ ಮಾಡ್ಕೊಳ್ಳಿ, ಮಿಲ್ ಸಹವಾಸ ಬೇಡ.

ಪುಟ್ಟಿಯ ಅಮ್ಮ, ನೀರ್ಚಾಲು

ರಾಗಿ ಮಣ್ಣಿ ಅವಳಿಗೆ ಇಷ್ಟ ಗೌಡ್ರೇ. ಇವತ್ತು ಬೆಲ್ಲ, ತೆಂಗಿನಹಾಲು ಹಾಕಿ ಮಾಡಿದ್ದೆ, ಎರಡು ತುಂಡು ತಿಂದಳು. ತಿಂದಾದ ಮೇಲೆ ಕೇಳಿದ್ಳು, ಇನ್ನು ಬ್ರೆಡ್ ಯಾವಾಗ ಅಂತ.